ಒಂದೇ ಡಿಸ್ಕಿನಲ್ಲಿ ಮೂರು ಸಂಸಾರ

ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಈಗ ವಿಂಡೋಸ್ 10, ಲಿನಕ್ಸ್ ಮಿಂಟ್ ಮತ್ತು ಡೆಬಿಯನ್ ಎಂಬ ಮೂರು ಕಾರ್ಯಾಚರಣ ವ್ಯವಸ್ಥೆಗಳು (ಆಪರೇಟಿಂಗ್ ಸಿಸ್ಟಂ) ಇವೆ; ಕೊನೆಯ ಎರಡೂ ಲಿನಕ್ಸ್ ಬಳಗದವು. ಹಲವು ವರ್ಷ ಡಿಟಿಪಿ ಕೆಲಸ ಮಾಡಿದ ನನ್ನ ಬಳಿ ಪೇಜ್‌ಮೇಕರಿನಲ್ಲಿ ಕಟ್ಟಿದ, ಹಳೆಯ ನುಡಿ ಫಾಂಟುಗಳಲ್ಲಿರುವ ನೂರಾರು ಕಡತಗಳಿವೆ. ಆ ಪಠ್ಯವನ್ನಷ್ಟೇ ಯೂನಿಕೋಡಿಗೆ (ಈಗ ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತ) ಪರಿವರ್ತಿಸಿಕೊಳ್ಳುವುದು ಕಷ್ಟವಲ್ಲ. ಆದರೆ ಪುಟವಿನ್ಯಾಸ ಕೆಡದಂತೆ ತೆರೆದು ಒಂದು ಒತ್ತಕ್ಷರ ತಿದ್ದಬೇಕೆಂದರೂ ನನಗೆ ವಿಂಡೋಸೇ ಬೇಕು. ಆದರೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ (ಭದ್ರತಾ ಅಪ್‌ಡೇಟ್ ಇತ್ಯಾದಿ) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನನ್ನ ಪ್ರೊಸೆಸರ್ ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯದಾದ್ದರಿಂದ ವಿಂಡೋಸ್ 11ಕ್ಕೆ ಅರ್ಹವಲ್ಲ. ಹೀಗಾಗಿ ಬ್ಯಾಂಕು, ಇಂಟರ್ನೆಟ್ಟು, ದಿನನಿತ್ಯದ ಬರವಣಿಗೆ ಎಲ್ಲವೂ ಮಿಂಟ್‌ಗೆ ಹೋದವು. ಡೆಬಿಯನ್ ಮಗಳ ಪ್ರೋಗ್ರಾಮಿಂಗ್ ಅಭ್ಯಾಸಕ್ಕೆ.

ಇವುಗಳಲ್ಲಿ ಯಾವುದನ್ನು ಇನ್‌ಸ್ಟಾಲ್ ಮಾಡುವುದೂ ದೊಡ್ಡ ಕೆಲಸವಲ್ಲ. ವಠಾರದಲ್ಲಿ ಮನೆಗಳು ಬೇರೆಬೇರೆಯಾದರೂ ನಲ್ಲಿ, ಬಚ್ಚಲು, ಹೆಬ್ಬಾಗಿಲು ಒಂದೇ ಆಗಿರುತ್ತವೆ ಮತ್ತು ಮನಸ್ತಾಪ ಹುಟ್ಟುವುದೂ ಅಲ್ಲೇ. ಇಲ್ಲಿಯೂ ಡಿಸ್ಕು, ಬೂಟ್ ಪಾರ್ಟಿಷನ್ (ಕಂಪ್ಯೂಟರ್ ಶುರುವಾಗಲು ಬೇಕಾದ ಕಡತಗಳಿರುವ, ಡಿಸ್ಕಿನ ಒಂದು ಭಾಗ), ಗಡಿಯಾರ ಮತ್ತು ಕಡತಗಳು ಮೂವರಿಗೂ ಸೇರಿದವು. ಅವುಗಳ ವ್ಯವಸ್ಥೆಯನ್ನು ಮೊದಲೇ ಯೋಚಿಸದಿದ್ದರೆ ತೊಂದರೆ ತಿಂಗಳುಗಳ ನಂತರ, ನಾವು ನಿರೀಕ್ಷಿಸದ ಕಡೆಯಿಂದ ಬರುತ್ತದೆ.

ಡಿಸ್ಕನ್ನು ಪಾರ್ಟಿಷನ್ನುಗಳಾಗಿ ವಿಂಗಡಿಸುವ ಹಳೆಯ ಎಂಬಿಆರ್ ಪದ್ಧತಿಯಲ್ಲಿ ಅವುಗಳ ಪಟ್ಟಿಗೆ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ 64 ಬೈಟುಗಳಷ್ಟೇ ಜಾಗವಿತ್ತು, ಒಂದೊಂದಕ್ಕೆ 16ರಂತೆ ನಾಲ್ಕು ಪ್ರೈಮರಿ ಪಾರ್ಟಿಷನ್ನುಗಳಿಗೆ ಅದು ಮುಗಿಯುತ್ತಿತ್ತು. ಈಗಿನ ಜಿಪಿಟಿಯಲ್ಲಿ ಸಾಮಾನ್ಯವಾಗಿ 128ಕ್ಕೆ ಅವಕಾಶವಿರುವುದರಿಂದ ಆ ಇಕ್ಕಟ್ಟು ಉಳಿದಿಲ್ಲ. ಮುಖ್ಯವಾದ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡ ಮೇಲೆ, ವಿಂಡೋಸಿನ ಪಾರ್ಟಿಷನ್ನನ್ನು ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದ ಕುಗ್ಗಿಸಿದೆ. ಒಟ್ಟು 465 ಜಿಬಿಯಲ್ಲಿ ವಿಂಡೋಸಿಗೆ 150, ಮಿಂಟ್‌ಗೆ 70, ಡೆಬಿಯನ್ನಿಗೆ 50, ಸ್ವಾಪ್‌ಗೆ (ರ‍್ಯಾಮ್ ಸಾಲದಾದಾಗ ಲಿನಕ್ಸ್ ಬಳಸುವ ಜಾಗ) 8 ಕೊಟ್ಟು, ಮಿಕ್ಕದ್ದನ್ನೆಲ್ಲ ಮೂವರೂ ಓದಿ ಬರೆಯಬಲ್ಲ ಒಂದು ಎನ್‌ಟಿಎಫ್‌ಎಸ್ (ವಿಂಡೋಸಿನ ಕಡತ ವಿಧಾನದ) ಪಾರ್ಟಿಷನ್ನಾಗಿ ಬಿಟ್ಟೆ.

ಯುಇಎಫ್‌ಐ (ಕಂಪ್ಯೂಟರನ್ನು ಮೊದಲು ಎಬ್ಬಿಸುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಇರುವ ಕಂಪ್ಯೂಟರಿನಲ್ಲಿ ಹೆಬ್ಬಾಗಿಲೆಂದರೆ ಆ ಬೂಟ್ ಪಾರ್ಟಿಷನ್, ಅಂದರೆ ಇಎಫ್‌ಐ ಪಾರ್ಟಿಷನ್. ವಿಂಡೋಸ್ ಹಾಕುವಾಗ ನನ್ನಲ್ಲಿ ಸೃಷ್ಟಿಯಾದದ್ದು 100 ಎಂಬಿಯ ಪುಟ್ಟ ಫ್ಯಾಟ್32 ಜಾಗ. ಪ್ರತಿಯೊಂದು ವ್ಯವಸ್ಥೆಯೂ ಅದರೊಳಗೆ ತನ್ನ ಹೆಸರಿನ ಫೋಲ್ಡರ್ ಮಾಡಿಕೊಂಡು ತನ್ನನ್ನು ಶುರುಮಾಡುವ ಬೂಟ್ ಲೋಡರನ್ನು ಅಲ್ಲಿಡುತ್ತದೆ. ಇಲ್ಲಿ ತಿಳಿದಿರಲೇಬೇಕಾದ ಒಂದು ಸಂಗತಿಯಿದೆ: ಲಿನಕ್ಸ್ ಮಿಂಟ್ ತನ್ನ ಫೋಲ್ಡರಿಗೆ ಇಟ್ಟುಕೊಳ್ಳುವ ಹೆಸರು ‘ಉಬುಂಟು’, ಅಂದರೆ ಅದು ಆಧರಿಸಿರುವ ಇನ್ನೊಂದು ಲಿನಕ್ಸಿನ ಹೆಸರು. ಆದ್ದರಿಂದ ಮಿಂಟ್ ಮತ್ತು ಉಬುಂಟು ಎರಡನ್ನೂ ಒಂದೇ ಡಿಸ್ಕಿನಲ್ಲಿ ಹಾಕಿದರೆ ಒಂದರ ಫಲಕದ ಮೇಲೆ ಇನ್ನೊಂದು ತನ್ನದನ್ನು ಬರೆದುಬಿಡುತ್ತದೆ. ಮಗಳು ಮೊದಲು ಕೇಳಿದ್ದು ಉಬುಂಟುವನ್ನೇ. ಡೆಬಿಯನ್ ಆಗಬಹುದೇ ಎಂದು ನಾನು ಅವಳನ್ನು ಒಪ್ಪಿಸಿದ್ದು ಈ ಕಾರಣಕ್ಕೆ. ಯಾವ ವ್ಯವಸ್ಥೆ ಬೇಕೆಂದು ಕೇಳುವ ಮೆನುವಿನ ವಿಷಯದಲ್ಲಿಯೂ ಎಚ್ಚರ ಬೇಕು. ಲಿನಕ್ಸಿನ ಬೂಟ್ ಲೋಡರಾದ ಗ್ರಬ್‌ನ 2.06ನೇ ಆವೃತ್ತಿಯಿಂದ ಈಚೆಗೆ, ಡಿಸ್ಕಿನಲ್ಲಿರುವ ಇತರ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಮೂಲ ಸೆಟ್ಟಿಂಗಿನಲ್ಲಿ ಓಡುವುದಿಲ್ಲ. ಅದನ್ನು ಸಕ್ರಿಯಗೊಳಿಸಿದರೂ ಡೆಬಿಯನ್ನಿಗೆ ಹೊಸ ಕರ್ನೆಲ್ (ವ್ಯವಸ್ಥೆಯ ತಿರುಳು) ಬಂದಾಗ ಮಿಂಟಿನ ಮೆನು ಹಳೆಯದನ್ನೇ ತೋರಿಸುತ್ತಿರುತ್ತದೆ, ಮಿಂಟಿಗೆ ಹೋಗಿ ಗ್ರಬ್ಬನ್ನು ಮತ್ತೆ ಅಪ್‌ಡೇಟ್ ಮಾಡಬೇಕಾಗುತ್ತದೆ. ನಾನು ಆ ಗೋಜನ್ನೇ ಬಿಟ್ಟು, ಆರಂಭದಲ್ಲಿ ಕೀಲಿ ಒತ್ತಿದರೆ ಬರುವ ಯುಇಎಫ್‌ಐನ ಸ್ವಂತ ಮೆನುವಿನಿಂದ ಆರಿಸಿಕೊಳ್ಳುತ್ತೇನೆ. ಹೀಗೆ ಮಾಡಿದರೆ ಯಾರ ಬಾಗಿಲೂ ಇನ್ನೊಬ್ಬರ ಮೇಲೆ ಅವಲಂಬಿಸಿರುವುದಿಲ್ಲ.

ನನಗೆ ನಿಜವಾದ ನಷ್ಟ ಮಾಡಿದ್ದು ಗಡಿಯಾರ. ಮದರ್‌ಬೋರ್ಡಿನ ಮೇಲೆ ಬಿಲ್ಲೆಯಂಥ ಪುಟ್ಟ ಬ್ಯಾಟರಿಯಿಂದ ನಡೆಯುವ ಗಡಿಯಾರವೊಂದಿದೆ. ವಿಂಡೋಸ್ ಅದರಲ್ಲಿರುವುದನ್ನು ನಮ್ಮ ಊರಿನ ಸಮಯವೆಂದು ಓದುತ್ತದೆ. ಲಿನಕ್ಸ್ ಅದರಲ್ಲಿ ಯುಟಿಸಿಯನ್ನು (ಜಗತ್ತಿಗೆಲ್ಲ ಒಂದೇ ಆದ ಸಮಯ) ಇಟ್ಟು, ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ಒಂದು ರಾತ್ರಿ 9:40ಕ್ಕೆ ಮಿಂಟನ್ನು ಮುಚ್ಚಿ ವಿಂಡೋಸಿಗೆ ಬಂದಾಗ ಮೂಲೆಯಲ್ಲಿ ಸಂಜೆ 4:10 ಎಂದಿತ್ತು. ಗಮನಿಸಿದರೂ ಅವಸರದಲ್ಲಿದ್ದೆ. ಅದೇ ಸಂಜೆ ಮಿಂಟಿನಲ್ಲಿ ಪರಿಚಯದ ಮನೆಯೊಂದರ ಗೃಹಪ್ರವೇಶದ ಆಮಂತ್ರಣದ ಪಠ್ಯವನ್ನು ಟೈಪ್ ಮಾಡಿ ಹೊರಗಿನ ಡಿಸ್ಕಿಗೆ ನಕಲು ಮಾಡಿದ್ದೆ. ವಿಂಡೋಸಿನಲ್ಲಿ ಮುಹೂರ್ತದ ಸಮಯವನ್ನೂ ಎರಡು ಹೆಸರುಗಳನ್ನೂ ತಿದ್ದಿ ಉಳಿಸಿದೆ. ಹೊಸದನ್ನು ಮಾತ್ರ ನಕಲಿಸುವ ಬ್ಯಾಕಪ್ ತಂತ್ರಾಂಶಕ್ಕೆ ತಿದ್ದಿದ ಕಡತವೇ ಹಳೆಯದಾಗಿ ಕಂಡು ಅದನ್ನು ಬಿಟ್ಟುಬಿಟ್ಟಿತು. ಮರುದಿನ ಹೊರಗಿನ ಡಿಸ್ಕನ್ನು ಹಿಡಿದು ಮುದ್ರಣಕ್ಕೆ ಹೋದದ್ದು ತಪ್ಪು ಮುಹೂರ್ತದ ಪ್ರತಿ. ಕರಡು ನೋಡುವ ಹೊತ್ತಿಗೆ ಮನೆಯ ಹಿರಿಯರು ಅದನ್ನು ಹಿಡಿದರು, ಇನ್ನೂರು ಪ್ರತಿ ಅಚ್ಚಾಗುವುದು ತಪ್ಪಿತು.

ಇದಕ್ಕೆ ಪರಿಹಾರ ಎರಡು. ವಿಂಡೋಸಿನ ಸೆಟ್ಟಿಂಗುಗಳ ಕಣಜವಾದ ರಿಜಿಸ್ಟ್ರಿಯಲ್ಲಿ ಒಂದು ನಮೂದನ್ನು ಸೇರಿಸಿ ಅದಕ್ಕೂ ಯುಟಿಸಿಯನ್ನು ಕಲಿಸಬಹುದು, ಇಲ್ಲವೇ ಲಿನಕ್ಸಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆದೇಶದಿಂದ ಸ್ಥಳೀಯ ಸಮಯವನ್ನು ಒಪ್ಪಿಕೊಳ್ಳುವಂತೆ ಮಾಡಬಹುದು. ಎರಡನೆಯದರಲ್ಲಿ ಒಂದು ಎಚ್ಚರಿಕೆಯ ಸಂದೇಶ ಬರುತ್ತದೆ; ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ಪದ್ಧತಿ ನಮ್ಮ ದೇಶದಲ್ಲಿಲ್ಲವಾದ್ದರಿಂದ ಅದರ ಒಂದು ಮುಖ್ಯ ಕಾರಣ ನಮಗೆ ಅನ್ವಯಿಸುವುದಿಲ್ಲ. ಲಿನಕ್ಸ್ ಎರಡಿರುವುದರಿಂದ ನಾನು ಬದಲಿಸಿದ್ದು ವಿಂಡೋಸನ್ನು.

ಹಂಚಿಕೊಂಡ ಕಡತಗಳ ಪಾರ್ಟಿಷನ್ನಿಗೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಅಪಾಯಕಾರಿ. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ರೆಗೆ ಜಾರುತ್ತದೆ, ಲಿನಕ್ಸ್ ಆ ಪಾರ್ಟಿಷನ್ನನ್ನು ಓದಲು ಮಾತ್ರ ಬಿಡುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ಆಫ್ ಮಾಡಿಬಿಡಬೇಕು.

ಸ್ವಾಪ್ ಬಗ್ಗೆ ಒಂದೇ ಮಾತು. ಡೆಬಿಯನ್ ಹಾಕುವಾಗ ಇದ್ದ ಸ್ವಾಪನ್ನು ಅದು ಹೊಸದಾಗಿ ಫಾರ್ಮ್ಯಾಟ್ ಮಾಡಿತು, ಅದರ ಗುರುತಿನ ಸಂಖ್ಯೆ ಬದಲಾಯಿತು, ಹಳೆಯ ಸಂಖ್ಯೆಗಾಗಿ ಕಾಯುತ್ತ ಮಿಂಟ್ ಪ್ರತಿದಿನ ಬೂಟ್ ಆಗುವಾಗ ಒಂದೂವರೆ ನಿಮಿಷ ನಿಂತೇ ಇರುತ್ತಿತ್ತು. ಮಿಂಟಿನಲ್ಲಿ ಪಾರ್ಟಿಷನ್ನುಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹೊಸ ಸಂಖ್ಯೆ ಬರೆದ ಮೇಲೆ ಸರಿಹೋಯಿತು. ಪಾರ್ಟಿಷನ್ನುಗಳ ನಕ್ಷೆ ಬರೆದು ಕ್ಯಾಬಿನೆಟ್ಟಿನ ಬದಿಗೆ ಅಂಟಿಸಿದ್ದ ಕಾಗದದಲ್ಲಿಯೂ ಸ್ವಾಪಿನ ಹಳೆಯ ಸಂಖ್ಯೆಯನ್ನು ಹೊಡೆದುಹಾಕಿ, ಹೊಸದನ್ನು ಮಗಳ ಕೈಯಲ್ಲೇ ಬರೆಸಿದೆ.