ಕಾಡಿಗೆ ಬಾವಿ ಯಾಕೆ ಬೇಕು?

"ಕಾಡಿಗೆ ಬಾವಿ ಯಾಕೆ ಬೇಕು ತಮಾ?"

ದೇವಿಮನೆ ಘಟ್ಟದಲ್ಲಿ ಈ ವಾರ ಕೇಳಿದ ಮಾತು ಇದು. ರಸ್ತೆ ಕೆಲಸಕ್ಕೆಂದು ಶಿರಸಿ-ಕುಮಟಾ ಬಸ್ಸು ನಿಂತಿತ್ತು, ಎಲ್ಲರೂ ಇಳಿದಿದ್ದೆವು. ಬಿಸಿಲುಕನ್ನಡಕದ ಹುಡುಗನೊಬ್ಬ ಫೋನಿನಲ್ಲಿ ಯಾರಿಗೋ "ಇಲ್ಲಿ ಏನೂ ಇಲ್ಲ, ಬರೀ ಕಾಡು" ಅನ್ನುತ್ತಿದ್ದ. ಪಕ್ಕದಲ್ಲಿದ್ದ ಅಜ್ಜ ಪೊದೆಯೊಳಗಿನ ಬಾವಿಯ ಕಲ್ಲುಕಟ್ಟೆ ತೋರಿಸಿ ಹಾಗೆ ಕೇಳಿದರು. ಹುಡುಗ ನಕ್ಕ. ಕೆಟ್ಟವನೇನಲ್ಲ, ಪಾಪ. ಸಿಗ್ನಲ್ ಇಲ್ಲದ ಜಾಗವೆಲ್ಲ ಅವನಿಗೆ ಕಾಡೇ ಇರಬೇಕು.

"ಇಲ್ಲಿ ಎತ್ತು ಕಟ್ತಿದ್ರಂತೆ. ನಮ್ಮಜ್ಜ ಹೇಳ್ತಿದ್ರು. ಗಾಡಿ ಹೋಯ್ತು, ಮನೆಗಳೂ ಹೋದ್ವು" ಅಂದರು ಅಜ್ಜ. ಅಷ್ಟೇ. ಮುಂದೆ ಕೇಳೋಣ ಅಂದರೆ ಕಂಡಕ್ಟರ್ ಶಿಳ್ಳೆ ಹೊಡೆದ.

ಈ ದಾರಿಯಲ್ಲಿ ಗಾಡಿಗಳು ಸುಮ್ನೆ ಓಡಾಡುತ್ತಿರಲಿಲ್ಲ. ಧಾರವಾಡ ಸೀಮೆಯ ಹತ್ತಿ ಇಲ್ಲಿಂದಿಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಮುಂಬಯಿ, ಆಮೇಲೆ ಇಂಗ್ಲೆಂಡ್. ಕುಮಟಾದಲ್ಲಿ ಬೆಳೆಯದ ಹತ್ತಿಗೆ ಲಿವರ್‌ಪೂಲ್ ಪೇಟೆಯಲ್ಲಿ 'ಕುಮಟಾ' ಅಂತಲೇ ಹೆಸರು! 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಈ ದಾರಿಗೆ ಇನ್ನಷ್ಟು ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಹತ್ತಿಗೆ ಬಂದರು ಬೇಕಿತ್ತಲ್ಲ! ಇಲ್ಲಿನವರನ್ನು ಯಾರು ಕೇಳಿದರು?

ಇಳಿಯುವಾಗ ಹತ್ತಿ ಅಂಡಿಗೆ, ಹತ್ತುವಾಗ ಉಪ್ಪು, ತೆಂಗಿನಕಾಯಿ. ಘಟ್ಟ ಹತ್ತಿದ ಎತ್ತಿಗೆ ನೀರು ಬೇಕು, ಹುಲ್ಲು ಬೇಕು, ಲಾಳ ಕಟ್ಟುವವನು ಬೇಕು. ಗಾಡಿಯವನಿಗೆ ಅನ್ನ, ಮಲಗಲು ಜಗುಲಿ. ಇಷ್ಟು ಬೇಡಿಕೆ ಇದ್ದ ಕಡೆ ನಾಲ್ಕು ಮನೆ ಏಳೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. 1880ರ ದಶಕದಲ್ಲಿ ರೈಲು ಬಂದು ಹತ್ತಿ ಲೋಂಡಾ ದಾರಿಯಾಗಿ ಮಾರ್ಮಗೋವಾ ಬಂದರಿನ ಕಡೆ ತಿರುಗಿತು. ಆ ಮನೆಗಳನ್ನು ಯಾರೂ ಒಡೆಯಲಿಲ್ಲ. ಗಾಡಿ ಬರಲಿಲ್ಲ, ಅಷ್ಟೇ. ಜೊತೆಗೆ ಘಟ್ಟದ ಮಲೇರಿಯಾ ಬೇರೆ.

ಸೂಪಾ ಊರು ಅಣೆಕಟ್ಟಿನಲ್ಲಿ ಮುಳುಗಿತು ಅಂತ ಎಲ್ಲರಿಗೂ ಗೊತ್ತು. ಅಲ್ಲಿನವರಿಗೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇದೆ. ನೀರಿಲ್ಲದೆ, ಆದೇಶವಿಲ್ಲದೆ ಮುಳುಗಿದವರು ಯಾರ ಮೇಲೆ ಸಿಟ್ಟಾಗಬೇಕು? ನನಗೆ ಅಜ್ಜನ ಪ್ರಶ್ನೆಗಿಂತ ಇದೇ ಜಾಸ್ತಿ ಕಾಡುತ್ತಿದೆ. ಬ್ರಿಟಿಷರ ಕಾಲದವರನ್ನು ಬೈದು ಕೈ ತೊಳೆದುಕೊಳ್ಳೋದು ಸುಲಭ. ನಾವೂ ಬೈಪಾಸ್ ಆದ ಊರಿನ ಹೋಟೆಲನ್ನು ಮರೆಯಲು ಒಂದು ವರ್ಷ ತಗೊಳ್ಳಲ್ಲ, ಅಲ್ವಾ?

ಬಸ್ಸು ಮುಂದೆ ಚಹಾಕ್ಕೆ ನಿಂತಿತು. ರಸ್ತೆ ಅಗಲವಾದ ಮೇಲೆ ವ್ಯಾಪಾರ ಹೇಗೆ ಅಂತ ಅಂಗಡಿಯವನನ್ನು ಕೇಳಿದೆ. "ಗಾಡಿ ಜಾಸ್ತಿ ಆಗ್ತದೆ, ಗಿರಾಕಿನೂ ಜಾಸ್ತಿ" ಅಂದ. ಗಾಡಿ ಜಾಸ್ತಿಯಾಗೋದು ನಿಜ. ನಿಲ್ಲುತ್ತವೆಯೇ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಅವನು ಆಗಲೇ ಸಾಲ ಮಾಡಿ ದೊಡ್ಡ ಫ್ರಿಜ್ ತಂದಿದ್ದಾನೆ.