ಸೀಮೆಎಣ್ಣೆ, ನೆರೆ ಮತ್ತು ನಮ್ಮೂರ ನೋಟಿಸ್ ಬೋರ್ಡು

ನಮ್ಮನೆಯಿಂದ ಇಳಿಜಾರಿನಲ್ಲಿ ಐದು ನಿಮಿಷ ನಡೆದರೆ ಊರಿನ ಸಭಾಭವನ. ಅದರ ಗೋಡೆಗೆ ಒಂದು ಮರದ ಚೌಕಟ್ಟು, ಮುಂದೆ ಗಾಜಿನ ಬಾಗಿಲು, ಸಣ್ಣದೊಂದು ಬೀಗ. ಒಳಗೆ ಏಳೆಂಟು ಕಾಗದ. ಇವತ್ತು ಬೆಳಿಗ್ಗೆ ಅದರಲ್ಲಿ ಕಂಡ ಕೆಲವು ಇವು. ಸೋಮವಾರದಿಂದ ಐದು ದಿನ ಸೇತುವೆ ಕಡೆಯ ರಸ್ತೆ ಬಂದ್. ಗುರುವಾರ ಸಂಜೆ ಏಳೂವರೆಗೆ ಪ್ಯಾರಿಷ್ ಕೌನ್ಸಿಲ್ ಸಭೆ. ಕುರಿಗಳು ಮರಿ ಹಾಕುವ ಕಾಲ, ಹೊಲ ದಾಟುವಾಗ ನಾಯಿಯ ಹಗ್ಗ ಬಿಡಬೇಡಿ. ಎಣ್ಣೆಗೆ ಹೆಸರು ಬರೆಸಲು ಶುಕ್ರವಾರ ಕೊನೆ ದಿನ. ಕಪ್ಪು ಬಿಳುಪಿನ ಬೆಕ್ಕು ಕಾಣೆಯಾಗಿದೆ, ಕಂಡವರು ದಯವಿಟ್ಟು ತಿಳಿಸಿ.

ನಾನು ಸಾಗರದ ಹತ್ತಿರದ ಹಳ್ಳಿಯವಳು. 2019ರ ಅಕ್ಟೋಬರಿನಲ್ಲಿ, ನನ್ನ ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿದ್ದರಿಂದ, ಇಂಗ್ಲೆಂಡಿನ ಹೆರಿಫರ್ಡ್‌ಶೈರ್‌ಗೆ ಬಂದೆವು. ವೇಲ್ಸ್ ಗಡಿಗೆ ಅಂಟಿಕೊಂಡ ಜಿಲ್ಲೆ ಇದು. ಸೇಬಿನ ತೋಟ, ಹಾಪ್ಸ್ ಬಳ್ಳಿ, ಬಿಳಿ ಮುಖದ ಕೆಂಪು ದನ. ಮನೆಗಳು ಸಾಲಾಗಿ ಇಲ್ಲ. ನಮ್ಮ ಮಲೆನಾಡಿನ ಹಾಗೆಯೇ ಅಲ್ಲೊಂದು ಇಲ್ಲೊಂದು ಒಂಟಿಮನೆ, ನಡುವೆ ಹೊಲ, ಎತ್ತರದ ಬೇಲಿ, ಒಂದೇ ಕಾರು ಹೋಗುವಷ್ಟು ರಸ್ತೆ. ಬಸ್ಸು ವಾರಕ್ಕೆ ಎರಡೇ ದಿನ. ಮೊಬೈಲ್ ಸಿಗ್ನಲ್ ಸಿಗಬೇಕಾದರೆ ಹಿತ್ತಲ ಗೇಟಿನ ತನಕ ಹೋಗಬೇಕು. ಇಂಥ ಕಡೆ ಸುದ್ದಿ ಹೇಗೆ ಹರಡುತ್ತದೆ ಅಂತ ಊರಿನ ಗೆಳತಿಯರು ಕೇಳುತ್ತಿರುತ್ತಾರೆ. ಆ ಗಾಜಿನ ಪೆಟ್ಟಿಗೆಯಿಂದ, ಮತ್ತು ತಿಂಗಳಿಗೊಮ್ಮೆ ಬಾಗಿಲ ಸಂದಿಯಿಂದ ಒಳಗೆ ಬೀಳುವ ಒಂದು ತೆಳು ಪತ್ರಿಕೆಯಿಂದ.

ಮೊದಮೊದಲು ನಾನು ಆ ಬೋರ್ಡನ್ನು ಓದುತ್ತಿರಲಿಲ್ಲ. ಪ್ಯಾರಿಷ್ ಅಂದರೆ ಚರ್ಚಿಗೆ ಸಂಬಂಧಪಟ್ಟದ್ದು, ನಮಗೇನು ಅಂದುಕೊಂಡಿದ್ದೆ. ಆ ತಪ್ಪಿನ ಬೆಲೆ ಡಿಸೆಂಬರಿನಲ್ಲಿ ಗೊತ್ತಾಯಿತು.

ನಮ್ಮ ಕಡೆ ಪೈಪಿನಲ್ಲಿ ಗ್ಯಾಸ್ ಬರುವುದಿಲ್ಲ. ಮನೆ ಬಿಸಿ ಮಾಡುವ ಬಾಯ್ಲರ್ ನಡೆಯುವುದು ಎಣ್ಣೆಯಲ್ಲಿ. ಮನೆಯ ಹಿಂದೆ ಹಸಿರು ಬಣ್ಣದ ದೊಡ್ಡ ಟ್ಯಾಂಕ್ ಇರುತ್ತದೆ, ಟ್ಯಾಂಕರ್ ಲಾರಿ ಬಂದು ತುಂಬಿಸಿ ಹೋಗುತ್ತದೆ. ಆ ಎಣ್ಣೆ ಯಾವುದು ಅಂತ ನೋಡಿದರೆ ಕೆರೋಸಿನ್. ನಮ್ಮ ಸೀಮೆಎಣ್ಣೆ! ಚಿಕ್ಕವಳಿದ್ದಾಗ ಅಮ್ಮನ ಜೊತೆ ರೇಷನ್ ಕಾರ್ಡು, ಕ್ಯಾನು ಹಿಡಿದು ಸೊಸೈಟಿ ಮುಂದೆ ನಿಂತಿದ್ದು ನೆನಪಾಯಿತು. ಅಲ್ಲಿ ತಿಂಗಳಿಗೆ ಮೂರ್ನಾಲ್ಕು ಲೀಟರಿಗೆ ಕಾಯುತ್ತಿದ್ದೆವು. ಇಲ್ಲಿ 500 ಲೀಟರಿಗೆ ಕಡಿಮೆಯಾದರೆ ಸಾಮಾನ್ಯವಾಗಿ ತಂದೇ ಕೊಡುವುದಿಲ್ಲ.

ಟ್ಯಾಂಕಿನ ಮಟ್ಟ ನಾವೇ ನೋಡಿಕೊಳ್ಳಬೇಕು ಅಂತ ನಮಗೆ ತಿಳಿದಿರಲಿಲ್ಲ. ಹೊರಗೆ ಹಿಮ ಕಟ್ಟಿದ್ದ ಒಂದು ಸಂಜೆ ಬಾಯ್ಲರ್ ನಿಂತೇಹೋಯಿತು. ಮಗಳಿಗೆ ಆಗ ಮೂರು ವರ್ಷ. ಫೋನ್ ಮಾಡಿದ ಕಂಪನಿಯವರು ಹತ್ತು ದಿನ ಕಾಯಬೇಕು ಅಂದರು. ಕತ್ತಲಾದ ಮೇಲೆ ಪಕ್ಕದ ಮನೆಯ ಅಜ್ಜಿ ಎರಡು ಕರೆಂಟ್ ಹೀಟರ್ ತಂದುಕೊಟ್ಟರು. ಬೋರ್ಡಿನಲ್ಲಿ ಎಣ್ಣೆ ಚೀಟಿ ನೋಡಲಿಲ್ವಾ ಅಂತ ಕೇಳಿದರು. ಆಗಲೇ ಗೊತ್ತಾಗಿದ್ದು. ಊರಿನವರೊಬ್ಬರು ತಿಂಗಳಿಗೊಮ್ಮೆ ಯಾರ್ಯಾರಿಗೆ ಎಷ್ಟು ಎಣ್ಣೆ ಬೇಕು ಅಂತ ಬರೆದುಕೊಳ್ಳುತ್ತಾರೆ. ಎಲ್ಲ ಒಟ್ಟು ಸೇರಿಸಿ ಮೂರ್ನಾಲ್ಕು ಕಡೆ ದರ ಕೇಳುತ್ತಾರೆ. ಟ್ಯಾಂಕರ್ ಒಂದೇ ಸಲ ಬಂದು ಎಲ್ಲರಿಗೂ ಹಾಕಿ ಹೋಗುತ್ತದೆ, ಬೆಲೆಯೂ ಕಡಿಮೆ ಬೀಳುತ್ತದೆ. ಅದಕ್ಕೆ ಅವರು ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಟ್ಯಾಂಕ್ ಪೂರ್ತಿ ಬತ್ತಿದರೆ ಪೈಪಿನೊಳಗೆ ಗಾಳಿ ಸೇರುತ್ತದೆ, ಎಣ್ಣೆ ಹಾಕಿದ ಮೇಲೂ ಆ ಗಾಳಿ ತೆಗೆಸದೆ ಬಾಯ್ಲರ್ ಹೊತ್ತಿಕೊಳ್ಳುವುದಿಲ್ಲ ಅನ್ನುವುದನ್ನೂ ಅವರೇ ಹೇಳಿಕೊಟ್ಟರು. ಇಂಥ ಕಡೆ ಮನೆ ಹಿಡಿಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಟ್ಯಾಂಕ್ ಕಾಲು ಭಾಗಕ್ಕೆ ಇಳಿಯುವ ಮೊದಲೇ ಬುಕ್ ಮಾಡಿ.

ಮರುದಿನ ಬೋರ್ಡಿನ ಮುಂದೆ ನಿಂತು ಪ್ರತಿಯೊಂದು ಕಾಗದವನ್ನೂ ಓದಿದೆ.

ಎರಡೇ ತಿಂಗಳಲ್ಲಿ ನೆರೆ ಬಂತು. 2020ರ ಫೆಬ್ರುವರಿಯ ನಡುವೆ ಬೀಸಿದ ಡೆನಿಸ್ ಬಿರುಗಾಳಿ. ಆಗುಂಬೆ ಮಳೆ ನೋಡಿದವಳಿಗೆ ಇಲ್ಲಿನ ಮಳೆ ಜಾಸ್ತಿ ಅನಿಸಲಿಲ್ಲ. ಆದರೆ ವೇಲ್ಸಿನ ಗುಡ್ಡಗಳ ನೀರೆಲ್ಲ ವೈ ನದಿಗೆ ಇಳಿದು ಬರುತ್ತದೆ. ಹೆರಿಫರ್ಡ್ ಪಟ್ಟಣದಲ್ಲಿ ನದಿಯ ಮಟ್ಟ 6.11 ಮೀಟರಿಗೆ ಏರಿತು. ಅಲ್ಲಿ ಅಳತೆ ಇಡಲು ಶುರುಮಾಡಿದ ಮೇಲೆ ಅಷ್ಟು ಏರಿದ್ದು ಅದೇ ಮೊದಲು. ವೈ ಮತ್ತು ಲಗ್ ನದಿಗಳ ನಡುವೆ ಇರುವ ಹ್ಯಾಂಪ್ಟನ್ ಬಿಷಪ್ ಹಳ್ಳಿಯ ಜನರನ್ನು ಮನೆಗಳಿಂದ ಹೊರಗೆ ಕರೆತರಬೇಕಾಯಿತು.

ನಮ್ಮನೆ ಏರಿನ ಮೇಲಿದೆ, ಏನೂ ಆಗಲಿಲ್ಲ. ಕೆಳಗಿನ ನಾಲ್ಕು ಮನೆಗಳಿಗೆ ನೀರು ನುಗ್ಗಿತು. ಆ ವಾರ ಬೋರ್ಡಿನ ಮೇಲೆ ಒಂದು ದೊಡ್ಡ ಹಾಳೆ ಇತ್ತು. ನೆರೆಯ ಎಚ್ಚರಿಕೆ ಇಲ್ಲಿ ಮೂರು ಹಂತದ್ದು. ಮೊದಲನೆಯದಕ್ಕೆ ಸಿದ್ಧರಾಗಿರಿ, ಎರಡನೆಯದಕ್ಕೆ ಈಗಲೇ ಏನಾದರೂ ಮಾಡಿ, ಮೂರನೆಯದು ಬಂದರೆ ಜೀವಕ್ಕೆ ಅಪಾಯ. ಅದರ ಕೆಳಗೆ ಯಾರ ಮನೆಯಲ್ಲಿ ಮರಳಿನ ಚೀಲ ಇದೆ, ಯಾರ ಟ್ರ್ಯಾಕ್ಟರ್ ಬರುತ್ತದೆ, ರಾತ್ರಿ ಮಲಗಲು ಸಭಾಭವನ ಯಾವಾಗ ತೆರೆದಿರುತ್ತದೆ ಅಂತೆಲ್ಲ ಪೆನ್ನಿನಲ್ಲಿ ಬರೆದಿದ್ದರು. ನಮ್ಮ ಭಾಷೆಯಲ್ಲಿ ಉಕ್ಕಿ ಬರುವ ನೀರಿಗೂ ನೆರೆ ಅನ್ನುತ್ತೇವೆ, ಪಕ್ಕದ ಮನೆಗೂ ನೆರೆ ಅನ್ನುತ್ತೇವೆ. ಆ ವಾರ ಎರಡನ್ನೂ ಒಟ್ಟಿಗೇ ಕಂಡೆ. ನಾನು ಒಂದು ದೊಡ್ಡ ಪಾತ್ರೆ ಅನ್ನ ಸಾರು ಮಾಡಿ ಸಭಾಭವನಕ್ಕೆ ಒಯ್ದೆ. ಊರಿನ ಅರ್ಧ ಜನರ ಪರಿಚಯವಾಗಿದ್ದು ಅವತ್ತೇ.

ಆಮೇಲೆ ಮಾರ್ಚ್ ಬಂತು, ಕೊರೋನಾ ಬಂತು. ಬಾಗಿಲಿಗೆ ಒಂದು ಪುಟ್ಟ ಚೀಟಿ ಬಿತ್ತು. ಔಷಧಿ, ಹಾಲು, ಮಾತಾಡಲು ಒಬ್ಬರು, ಯಾವುದು ಬೇಕಾದರೂ ಈ ನಂಬರಿಗೆ ಫೋನ್ ಮಾಡಿ. ಆ ಕಾಲದ ಬಗ್ಗೆ ಇಷ್ಟು ಸಾಕು.

ಇನ್ನು ಪ್ಯಾರಿಷ್ ಕೌನ್ಸಿಲ್ ವಿಷಯ. ಹಿಂದೆ ಹಳ್ಳಿಯ ಆಡಳಿತವೂ ಚರ್ಚಿನ ಸುತ್ತಲೇ ನಡೆಯುತ್ತಿತ್ತು. 1894ರ ಕಾನೂನು ಅದನ್ನು ಬೇರೆ ಮಾಡಿ, ಹಳ್ಳಿಗಳಿಗೆ ಚುನಾಯಿತ ಕೌನ್ಸಿಲ್ ಕೊಟ್ಟಿತು. ಹೆಸರು ಮಾತ್ರ ಪ್ಯಾರಿಷ್ ಅಂತಲೇ ಉಳಿಯಿತು. ಇಂಗ್ಲೆಂಡಿನಲ್ಲಿ ಇಂಥ ಕೌನ್ಸಿಲ್‌ಗಳು ಹತ್ತು ಸಾವಿರದ ಆಸುಪಾಸು ಇವೆ. ಫೋನಿನಲ್ಲಿ ಇದನ್ನು ವಿವರಿಸಿದಾಗ ಅಪ್ಪಯ್ಯ ಕೇಳಿದ್ದು ಒಂದೇ ಮಾತು. "ಹಂಗಾರೆ ನಮ್ಮ ಗ್ರಾಮ ಪಂಚಾಯ್ತಿನೇ ಅಲ್ವನೇ ಅದು?"

ಹೌದು, ಹೆಚ್ಚು ಕಡಿಮೆ ಅದೇ. ಅಧಿಕಾರ ಮಾತ್ರ ನಮ್ಮ ಪಂಚಾಯ್ತಿಗಿಂತ ಕಮ್ಮಿ. ಸದಸ್ಯರು ಕನಿಷ್ಠ ಐದು ಜನ ಇರಬೇಕು, ಸಾಮಾನ್ಯವಾಗಿ ಅವರಿಗೆ ಸಂಬಳ ಇಲ್ಲ. ಕ್ಲರ್ಕ್ ಒಬ್ಬರಿಗೆ ವಾರಕ್ಕೆ ಕೆಲವು ಗಂಟೆಗಳ ಸಂಬಳ. ಮನೆ ತೆರಿಗೆಯ ಬಿಲ್ಲಿನಲ್ಲಿ ಪ್ರಿಸೆಪ್ಟ್ ಅಂತ ಬೇರೆಯೇ ಒಂದು ಸಾಲು ಇರುತ್ತದೆ. ಅಷ್ಟು ದುಡ್ಡು ನಮ್ಮ ಹಳ್ಳಿಗೇ. ನಮ್ಮಲ್ಲಿ ಅದರ ಒಂದು ಪಾಲು ಲೆಂಗ್ತ್ಸ್‌ಮನ್ ಅನ್ನುವವರಿಗೆ ಹೋಗುತ್ತದೆ. ರಸ್ತೆ ಬದಿಯ ಚರಂಡಿ ಬಿಡಿಸುವುದು, ಮೋರಿಗೆ ಕಟ್ಟಿದ ಎಲೆ ತೆಗೆಯುವುದು, ದಾರಿಫಲಕ ಮುಚ್ಚಿದ ಹುಲ್ಲು ಸವರುವುದು ಅವರ ಕೆಲಸ. ಮಳೆಗಾಲಕ್ಕೆ ಮೊದಲು ತೋಟದ ಬಸಿಗಾಲುವೆ ಬಿಡಿಸದಿದ್ದರೆ ಏನಾಗುತ್ತದೆ ಅಂತ ಅಡಿಕೆ ಬೆಳೆಯುವವರಿಗೆ ನಾನು ಹೇಳಬೇಕಾಗಿಲ್ಲ. ಈ ಊರಿನಲ್ಲಿ ಎಲ್ಲರಿಗಿಂತ ಬೇಕಾದ ಮನುಷ್ಯ ಅವರೇ ಅಂತ ನನ್ನ ಅಭಿಪ್ರಾಯ.

ಸಭೆಗೆ ಪೂರ್ತಿ ಮೂರು ದಿನ ಮೊದಲು ನೋಟಿಸ್ ಹಚ್ಚಬೇಕು. ಹಚ್ಚುವ ದಿನ, ಸಭೆಯ ದಿನ ಲೆಕ್ಕಕ್ಕಿಲ್ಲ. ಯಾರು ಬೇಕಾದರೂ ಹೋಗಿ ಕೂರಬಹುದು. ಇದಲ್ಲದೆ ವರ್ಷಕ್ಕೊಮ್ಮೆ, ಮಾರ್ಚ್ 1ರಿಂದ ಜೂನ್ 1ರ ನಡುವೆ, ಇಡೀ ಊರಿನ ಸಭೆ ನಡೆಯಬೇಕು. ಅದನ್ನು ಸಂಜೆ ಆರಕ್ಕೆ ಮೊದಲು ಶುರುಮಾಡುವಂತಿಲ್ಲ. ದುಡಿಯುವವರೂ ಬರಲಿ ಅಂತ ಇರಬೇಕು. ನನಗೆ ತುಂಬಾ ಹಿಡಿಸಿದ ನಿಯಮ ಇದು.

ನಾನು ಮೊದಲ ಸಲ ಕೌನ್ಸಿಲ್ ಸಭೆಗೆ ಹೋದಾಗ ಸದಸ್ಯರನ್ನು ಬಿಟ್ಟು ಬಂದಿದ್ದವರು ಇಬ್ಬರೇ. ರಸ್ತೆ ಗುಂಡಿಯ ಬಗ್ಗೆ ಅರ್ಧ ಗಂಟೆ ಮಾತಾಯಿತು. ಬೇಲಿ ಸವರುವ ಬಗ್ಗೆ ಕಾಲು ಗಂಟೆ. ಹಕ್ಕಿಗಳು ಗೂಡು ಕಟ್ಟುವ ಕಾಲವಾದ್ದರಿಂದ ಮಾರ್ಚ್ 1ರಿಂದ ಆಗಸ್ಟ್ 31ರ ತನಕ ರೈತರು ಹೊಲದ ಬೇಲಿ ಕತ್ತರಿಸುವ ಹಾಗಿಲ್ಲ. ಆದರೆ ರಸ್ತೆಗೆ ಬಾಗಿ ಅಪಾಯ ತರುವ ಕೊಂಬೆಗೆ ವಿನಾಯಿತಿ ಇದೆ. ಯಾವ ಕೊಂಬೆ ಅಪಾಯದ್ದು ಅನ್ನುವುದೇ ಚರ್ಚೆ. ಯಾರೂ ದನಿ ಎತ್ತರಿಸಲಿಲ್ಲ. ಕೊನೆಗೆ ಕ್ಲರ್ಕ್ ನನ್ನ ಕಡೆ ತಿರುಗಿ, ಹೊಸಬರು ಏನಾದರೂ ಹೇಳುವುದಿದೆಯಾ ಅಂತ ಕೇಳಿದರು. ಶಾಲೆ ಬಸ್ಸು ನಿಲ್ಲುವಲ್ಲಿ ಮಕ್ಕಳು ಕತ್ತಲಲ್ಲಿ ನಿಲ್ಲುತ್ತಾರೆ ಅಂದೆ. ಬರೆದುಕೊಂಡರು. ಮುಂದಿನ ಚಳಿಗಾಲದ ಹೊತ್ತಿಗೆ ಅಲ್ಲಿ ಸೌರದೀಪ ಬಂದಿತ್ತು.

ಹೊರನಾಡಿನ ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ಇಲ್ಲಿ ವೀಸಾ ಮೇಲೆ ಇರುವ ಭಾರತೀಯರೂ ಮತ ಹಾಕಬಹುದು. ಕಾಮನ್‌ವೆಲ್ತ್ ದೇಶದವರಿಗೆ ಆ ಹಕ್ಕಿದೆ, ಹೆಸರು ಸೇರಿಸಿಕೊಂಡರೆ ಸಾಕು. 2023ರ ಮೇ 4ರಂದು ಹೆರಿಫರ್ಡ್‌ಶೈರ್ ಕೌನ್ಸಿಲ್ ಚುನಾವಣೆ ಇತ್ತು. ಫೋಟೋ ಇರುವ ಗುರುತುಪತ್ರ ತೋರಿಸಬೇಕು ಅನ್ನುವ ನಿಯಮ ಇಂಗ್ಲೆಂಡಿನ ಸ್ಥಳೀಯ ಚುನಾವಣೆಗಳಿಗೆ ಬಂದಿದ್ದೂ ಆ ಸಲವೇ. ನಾನು ನನ್ನ ಭಾರತದ ಪಾಸ್‌ಪೋರ್ಟ್ ತೋರಿಸಿದೆ. ಅದು ನಡೆಯುತ್ತದೆ. ದಾರ ಕಟ್ಟಿದ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಬಂದೆ. ಹೊರಗೆ ಬಂದವಳು ಅಭ್ಯಾಸಬಲದಿಂದ ಎಡಗೈ ಬೆರಳು ನೋಡಿಕೊಂಡೆ. ಮೈಸೂರಿನ ಶಾಯಿಯ ಗೆರೆ ಇರಲಿಲ್ಲ.

ಆ ರಾತ್ರಿ ಒಂದು ಮಾತು ಮನಸ್ಸಿಗೆ ಚುಚ್ಚಿತು. ಸಾಗರದ ಕಡೆಯ ನಮ್ಮೂರಿನಲ್ಲಿ 24 ವರ್ಷ ಇದ್ದೆ. ಒಂದು ಗ್ರಾಮಸಭೆಗೂ ಹೋಗಿರಲಿಲ್ಲ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಅಂತ ನಮ್ಮ ಕಾನೂನಿನಲ್ಲೂ ಇದೆ. ಅಜ್ಜನ ಕಾಲದಲ್ಲಿ ತಮಟೆ ಬಡಿದು "ಕೇಳ್ರಪ್ಪೋ ಕೇಳಿ" ಅಂತ ಡಂಗುರ ಸಾರುತ್ತಿದ್ದರಂತೆ, ಮನೆಯೊಳಗಿದ್ದವರಿಗೂ ಸುದ್ದಿ ಮುಟ್ಟುತ್ತಿತ್ತು. ಹೋದ ಸಲ ರಜೆಗೆ ಬಂದಾಗ ಅಪ್ಪಯ್ಯನ ಜೊತೆ ಪಂಚಾಯ್ತಿ ಕಚೇರಿಗೆ ಹೋಗಿ, ಗೋಡೆ ಮೇಲಿನ ಪಟ್ಟಿಯನ್ನೆಲ್ಲ ಓದಿದೆ. ಯಾವ ಕೆರೆಗೆ ಎಷ್ಟು ಖರ್ಚು, ಯಾರಿಗೆ ಮನೆ ಮಂಜೂರು, ಎಲ್ಲ ಅಲ್ಲೇ ಇತ್ತು. ನೀವೂ ಒಂದು ಸಲ ಹೋಗಿ ಓದಿ.

ಇಲ್ಲಿನ ನಮ್ಮೂರ ಕೆಂಪು ಟೆಲಿಫೋನ್ ಪೆಟ್ಟಿಗೆಯ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. 1935ರಲ್ಲಿ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ರೂಪಿಸಿದ ಮಾದರಿಯದು. ಫೋನ್ ತೆಗೆದ ಮೇಲೆ ಇಂಥ ಪೆಟ್ಟಿಗೆಗಳನ್ನು ಹಳ್ಳಿಗಳು ಒಂದು ಪೌಂಡ್ ಕೊಟ್ಟು ತಮ್ಮದಾಗಿಸಿಕೊಳ್ಳಬಹುದು, 2008ರಿಂದ ಈ ವ್ಯವಸ್ಥೆ ಇದೆ. ನಮ್ಮದರಲ್ಲಿ ಈಗ ನಿಂತ ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಇದೆ. ಇಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿದರೆ ಬೀಗದ ನಂಬರ್ ಹೇಳುತ್ತಾರೆ. ಯಂತ್ರ ತಾನೇ ಮಾತಾಡಿ ಮುಂದೇನು ಮಾಡಬೇಕು ಅಂತ ಹೇಳುತ್ತದೆ. ಅದು ಕೈಗೆ ಸಿಗುವ ತನಕ ಎದೆಯನ್ನು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಸಭಾಭವನದಲ್ಲಿ ಒಂದು ಸಂಜೆ ಇದನ್ನು ಕಲಿಸಿದರು. ಆಂಬುಲೆನ್ಸ್ ದೂರದಿಂದ ಬರಬೇಕಾದ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಆ ಸಂಜೆ ಪಕ್ಕದ ಮನೆಯ ಅಜ್ಜಿಯೂ ಬಂದಿದ್ದರು. ಅವರಿಗೆ ವಯಸ್ಸು 84.

ಈಗ ಬೋರ್ಡಿನಲ್ಲಿ ನನ್ನ ಗಮನವೆಲ್ಲ ಇರುವುದು ಫೋನಿನ ನೋಟಿಸ್ ಮೇಲೆ. 2027ರ ಜನವರಿಯ ಒಳಗೆ ಹಳೆಯ ತಾಮ್ರದ ತಂತಿಯ ಫೋನ್ ವ್ಯವಸ್ಥೆ ಮುಚ್ಚುತ್ತಾರೆ, ಎಲ್ಲವೂ ಇಂಟರ್ನೆಟ್ ಮೂಲಕ. ಹಳೆಯ ಫೋನಿಗೆ ಕರೆಂಟ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೂ ನಮ್ಮ ಸಾಗರದ ಮನೆಯ ಫೋನ್ ರಿಂಗಾಗುತ್ತಿದ್ದದ್ದು ನೆನಪಿದೆ ಅಲ್ವಾ? ಹೊಸದು ಹಾಗಲ್ಲ. ಕರೆಂಟ್ ಹೋದರೆ ಫೋನೂ ಹೋಯಿತು. ಅಜ್ಜಿಯ ಕೊರಳಲ್ಲಿ ಒಂದು ಗುಂಡಿ ಇದೆ. ಬಿದ್ದರೆ ಅದನ್ನು ಒತ್ತಬೇಕು, ಸಹಾಯಕ್ಕೆ ಕರೆ ಹೋಗುತ್ತದೆ. ಆ ಕರೆ ಹೋಗುವುದು ಇದೇ ತಂತಿಯಲ್ಲಿ. ಆದ್ದರಿಂದ ಫೋನ್ ಕಂಪನಿಗೆ ಮೊದಲೇ ತಿಳಿಸಿ ಬ್ಯಾಟರಿ ತರಿಸಿಕೊಳ್ಳಬೇಕು. ಗುಂಡಿ ಹೊಸ ಲೈನಿನಲ್ಲಿ ಕೆಲಸ ಮಾಡುತ್ತದಾ ಅಂತ ಪರೀಕ್ಷೆ ಮಾಡಿಸಬೇಕು. ಕರೆಂಟ್ ಹೋದಾಗ ಕರೆಯಬೇಕಾದ 105 ನಂಬರನ್ನು ದೊಡ್ಡಕ್ಷರದಲ್ಲಿ ಬರೆದು ಅವರ ಫ್ರಿಜ್ಜಿಗೆ ಅಂಟಿಸಿದ್ದೇನೆ.

ಎಲ್ಲ ಸುದ್ದಿಯೂ ಮೊಬೈಲಿನಲ್ಲೇ ಸಿಗುತ್ತದೆ, ಕಾಗದ ಯಾಕೆ ಅನ್ನುವವರು ಇಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಮೊಬೈಲ್ ಇಲ್ಲದವರಿಗೇ ಆ ಸುದ್ದಿ ಹೆಚ್ಚು ಬೇಕಾಗಿರುವುದು. ಚೀಟಿ ಹಚ್ಚಲು ಒಬ್ಬರು, ಪತ್ರಿಕೆ ಹಂಚಲು ಒಬ್ಬರು ಬೇಕಾಗುತ್ತಾರೆ, ಆ ನೆಪದಲ್ಲಿ ಬಾಗಿಲು ತಟ್ಟುತ್ತಾರೆ. ಹೋದ ವರ್ಷ ಹೀಗೆ ತಟ್ಟಿದಾಗ ಉತ್ತರ ಬರದೆ, ಜಾರಿ ಬಿದ್ದಿದ್ದ ಒಬ್ಬರು ಸಿಕ್ಕಿದರು.

ಮೂರು ವರ್ಷದಿಂದ ನಮ್ಮ ಏರಿನ 19 ಮನೆಗಳಿಗೆ ಪತ್ರಿಕೆ ಹಂಚುವುದು ನಾನೇ. ಮಗಳೂ ಜೊತೆಗೆ ಬರುತ್ತಾಳೆ. ಈ ತಿಂಗಳದ್ದು ನಿನ್ನೆ ಬಂದಿದೆ, ಅಡುಗೆಮನೆಯ ಮೇಜಿನ ಮೇಲೆ ಕಟ್ಟು ಹಾಗೇ ಇದೆ. ಸೋಮವಾರದಿಂದ ಸೇತುವೆ ರಸ್ತೆ ಬಂದ್ ಆಗುವುದರಿಂದ ಆಚೆಗಿನ ಆರು ಮನೆಗೆ ನಾಳೆಯೇ ಕೊಟ್ಟು ಬರಬೇಕು. ಬರುವಾಗ ಅಜ್ಜಿಯ ಟ್ಯಾಂಕಿನ ಮಟ್ಟ ನೋಡಿ, ಶುಕ್ರವಾರದ ಒಳಗೆ ಎಣ್ಣೆಗೆ ಅವರ ಹೆಸರನ್ನೂ ಬರೆಸಬೇಕು.