ಹದಿನಾಲ್ಕನೇ ದಿನದ ಲೆಕ್ಕ

ನನಗೆ ಮುಟ್ಟು ಯಾವತ್ತೂ ಸರಿಯಾಗಿ ತಿಂಗಳಿಗೆ ಬಂದಿದ್ದಿಲ್ಲ. ಒಮ್ಮೆ ನಲವತ್ತು ದಿನ, ಒಮ್ಮೆ ಎರಡೂವರೆ ತಿಂಗಳು. ಕಾಲೇಜಿನಲ್ಲಿದ್ದಾಗ ಅಮ್ಮ ಒಬ್ಬ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದಳು. ಅಂಡಾಶಯದಲ್ಲಿ ನೀರುಗುಳ್ಳೆ ಇದೆ, ಪಿಸಿಒಡಿ ಅಂತಾರೆ, ಮದುವೆ ಆದಮೇಲೆ ಎಲ್ಲ ಸರಿಹೋಗುತ್ತೆ ಅಂದರು. ಮದುವೆಯೂ ಆಯ್ತು. ಗುಳ್ಳೆಗಳಿಗೆ ಆ ವಿಷಯ ಯಾರೂ ತಿಳಿಸಿರಲಿಲ್ಲ ಅನಿಸುತ್ತೆ.

ಮಗು ಬೇಕು ಅಂತ ಇಬ್ಬರೂ ಮಾತಾಡಿಕೊಂಡ ಮೇಲೆ ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ಅದು ಪ್ರತಿ ತಿಂಗಳೂ ಹದಿನಾಲ್ಕನೇ ದಿನದ ಆಸುಪಾಸು, ಗರ್ಭ ನಿಲ್ಲುವ ದಿನಗಳು ಅಂತ, ಕೆಲವು ದಿನಗಳಿಗೆ ಹಸಿರು ಬಣ್ಣ ಬಳಿದು ತೋರಿಸುತ್ತಿತ್ತು. ಮೆಡಿಕಲ್ ಶಾಪ್‌ನಿಂದ ಮೊಟ್ಟೆ ಬಿಡುವ ದಿನ ಹೇಳುವ ಓವ್ಯುಲೇಶನ್ ಕಿಟ್ ತಂದರೆ, ಅದರಲ್ಲಿ ವಾರಗಟ್ಟಲೆ ಗಾಢವಾದ ಎರಡು ಗೆರೆ, ಅಂದರೆ ಮೊಟ್ಟೆ ಬಿಡುವ ಹೊತ್ತು ಬಂತು ಅಂತ. ಅತ್ತೆ ಫೋನ್ ಮಾಡಿದಾಗೆಲ್ಲ "ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?" ಅನ್ನುತ್ತಿದ್ದರು. ಒಂದು ವರ್ಷ ಕಾದು ನೋಡು, ಆಮೇಲೆ ಡಾಕ್ಟರ್ ಹತ್ತಿರ ಹೋಗು ಅಂತ ಅಕ್ಕನ ಸಲಹೆ. ಆ ಒಂದು ವರ್ಷ ಮುಟ್ಟು ಸರಿಯಾಗಿ ಬರುವ, 35 ದಾಟದವರಿಗೆ. ದಾಟಿದವರು ಆರು ತಿಂಗಳಿಗೇ ಹೋಗಬೇಕು. ನನ್ನ ಥರದವರು ಕಾಯುವುದೇ ಬೇಡ ಅಂತ ಡಾಕ್ಟರ್ ಹೇಳಿದಾಗಲೇ ಗೊತ್ತಾಗಿದ್ದು.

ಒಂದು ಶನಿವಾರ ಇವರ ಜೊತೆ ಶಿವಮೊಗ್ಗದ ಒಂದು ಆಸ್ಪತ್ರೆಗೆ ಹೋದೆ. ನನ್ನ ಆ್ಯಪ್ ನೋಡಿ ಡಾಕ್ಟರ್ ಕೇಳಿದರು, "ಈ ಹದಿನಾಲ್ಕನೇ ದಿನವನ್ನ ಎಲ್ಲಿಂದ ಎಣಿಸ್ತೀರಿ?" ಮುಟ್ಟಾದ ದಿನದಿಂದ ಅಂದೆ. ಅಲ್ಲವಂತೆ! ಮೊಟ್ಟೆ ಬಿಡುಗಡೆಯಾದ ಮೇಲೆ ಸುಮಾರು 14 ದಿನಕ್ಕೆ ಮುಟ್ಟು ಬರುತ್ತೆ, ಹಾಗಾಗಿ ಲೆಕ್ಕ ಮುಂದಿನ ಮುಟ್ಟಿನಿಂದ ಹಿಂದಕ್ಕೆ. 28 ದಿನಕ್ಕೆ ಬರುವವರಿಗೆ ಎತ್ತಲಿಂದ ಎಣಿಸಿದರೂ ಒಂದೇ, ನನ್ನಂತೆ 50 ದಿನಕ್ಕೆ ಬಂದರೆ ಅದು 36ನೇ ದಿನದ ಆಸುಪಾಸು, ಅದೂ ಆ ಸಲ ಮೊಟ್ಟೆ ಬಿಟ್ಟಿದ್ದರೆ. ಮೊಟ್ಟೆ ಬಿಡದೆಯೂ ರಕ್ತ ಹೋಗಬಹುದಂತೆ. ಪಿಸಿಒಡಿ ಇದ್ದವರಿಗೆ ಮೊಟ್ಟೆ ಬಿಡುಗಡೆ ಮಾಡಿಸುವ ಎಲ್‌ಎಚ್ ಹಾರ್ಮೋನ್ ಮೊದಲೇ ಜಾಸ್ತಿ ಇರುವುದುಂಟು, ಕಿಟ್ ಹಿಡಿಯುವುದು ಅದನ್ನೇ. ಅಂದರೆ ಆ ಹಸಿರು ದಿನಗಳಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಥೈರಾಯ್ಡ್, ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್, ಶುಗರ್, ಮೊಟ್ಟೆಗಳು ಎಷ್ಟು ಉಳಿದಿವೆ ಅಂತ ಅಂದಾಜಿಸುವ ಎಎಂಎಚ್ ಅಂತ ರಕ್ತ ತೆಗೆದರು. ಸ್ಕ್ಯಾನ್ ಒಳಗಿನಿಂದ ಮಾಡುವುದು. ಮುಜುಗರ ಇದೆ, ನೋವು ಅಷ್ಟಿಲ್ಲ. ಪರದೆಯಲ್ಲಿ ಕಂಡ ಗುಳ್ಳೆಗಳು ಗಡ್ಡೆಗಳಲ್ಲ, ಬೆಳೆಯದೆ ಅರ್ಧಕ್ಕೇ ನಿಂತ ಮೊಟ್ಟೆಯ ಚೀಲಗಳು ಅಂದರು. ಇಷ್ಟನ್ನು ಕಾಲೇಜಿನಲ್ಲೇ ಯಾರಾದರೂ ಹೇಳಿದ್ದರೆ ಸುಮ್ನೆ ಅಷ್ಟು ವರ್ಷ ಹೆದರುತ್ತಿರಲಿಲ್ಲ.

ಆಮೇಲೆ ಡಾಕ್ಟರ್ ಇನ್ನೊಂದು ಚೀಟಿ ಬರೆದು ಇವರ ಕಡೆ ಚಾಚಿದರು. ವೀರ್ಯ ಪರೀಕ್ಷೆ, ಅದಕ್ಕೆ ಮುಂಚೆ ವೀರ್ಯ ಹೋಗದಂತೆ ಎರಡರಿಂದ ಏಳು ದಿನ ಗ್ಯಾಪ್ ಇರಬೇಕು. ಇವರ ಮುಖ ನೋಡಬೇಕಿತ್ತು! "ಪ್ರಾಬ್ಲಂ ಇವಳದ್ದು ಅಂತ ಗೊತ್ತಾಯ್ತಲ್ವಾ ಮೇಡಂ?" "ನಿಮ್ಮದು ನೋಡದೆ ಇವರಿಗೆ ಮಾತ್ರೆ ನುಂಗಿಸಿ ಏನು ಮಾಡೋದು?" ಅಂದರು ಡಾಕ್ಟರ್. ಕಾರಿನಲ್ಲಿ ಇವರು ಒಂದು ಮಾತೂ ಆಡಲಿಲ್ಲ. ನನಗಾದ ಅಷ್ಟೂ ಪರೀಕ್ಷೆಗಿಂತ ಸುಲಭದ್ದು ಅದು, ಆದರೂ ಹೋಗಲು ವಾರಗಟ್ಟಲೆ ಸಬೂಬು. ರಿಪೋರ್ಟ್ ಬಂತು. ಎಣಿಕೆ ಚೆನ್ನಾಗಿತ್ತು, ಚಲನೆ ಕಡಿಮೆ. ಸಿಗರೇಟ್ ಬಿಡಿ, ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು. ಇವರು ಬಿಟ್ಟರು. ಸಿಡುಕುತ್ತಾ ಬಿಟ್ಟರು, ಆದರೂ ಬಿಟ್ಟರಲ್ಲ.

ನನಗೆ ಫೋಲಿಕ್ ಆಸಿಡ್, ಜೊತೆಗೆ ಮುಟ್ಟಾದ ಎರಡನೇ ದಿನದಿಂದ ಐದು ದಿನ ಲೆಟ್ರೋಜೋಲ್, ಮೊಟ್ಟೆ ಬೆಳೆಸುವ ಮಾತ್ರೆ. ಗೂಗಲ್ ಮಾಡಿದರೆ ಸ್ತನ ಕ್ಯಾನ್ಸರ್ ಮಾತ್ರೆ ಅಂತ ಬಂತು, ಎದೆ ಧಸಕ್ಕೆಂದಿತು. 2011ರಲ್ಲಿ ಇದನ್ನು ಮಕ್ಕಳಾಗುವ ಚಿಕಿತ್ಸೆಗೆ ಬಳಸಬಾರದು ಅಂತ ನಮ್ಮಲ್ಲಿ ನಿಷೇಧಿಸಿದ್ದರು, 2017ರಲ್ಲಿ ಆ ನಿಷೇಧ ತೆಗೆದರು. ಈಗ ಪಿಸಿಒಡಿಗೆ ಮೊದಲು ಕೊಡುವುದೇ ಇದನ್ನು ಅಂತ ಡಾಕ್ಟರ್ ಸಮಾಧಾನವಾಗಿ ಹೇಳಿದರು. ಮೊಟ್ಟೆಯ ಚೀಲ 18 ಮಿಲಿಮೀಟರ್ ದಾಟಿದರೆ ಒಂದು ಇಂಜೆಕ್ಷನ್, ಸುಮಾರು 36 ಗಂಟೆಗೆ ಮೊಟ್ಟೆ ಹೊರಬರುತ್ತೆ.

ಕಳೆದ ಸಲ 13ಕ್ಕೇ ನಿಂತುಬಿಟ್ಟಿತು. ಈ ಸಲ ಡೋಸ್ ಜಾಸ್ತಿ ಮಾಡಿದ್ದಾರೆ. ಸ್ಕ್ಯಾನ್ ಬುಧವಾರ, ಅದೂ ಬೆಳಿಗ್ಗೆ ಹತ್ತಕ್ಕೆ. ರಜೆ ಅರ್ಜಿಯಲ್ಲಿ ಏನು ಬರೆಯೋದು ಅಂತ ಇನ್ನೂ ಯೋಚಿಸುತ್ತಾ ಇದ್ದೇನೆ, ಹೊಟ್ಟೆನೋವು ಈಗಾಗಲೇ ಖರ್ಚಾಗಿದೆ.